ಸುದ್ದಿ ಬೇರೆ, ಆಟ ಬೇರೆ ಅನ್ನುವವರಿಗೆ

ಟೀವಿ ಚಾನೆಲ್ಲುಗಳ ಬಗ್ಗೆ ನಮ್ಮ ಗೆಳೆಯರ ನಡುವೆ ಎರಡು ವಾದಗಳು ಓಡಾಡುತ್ತಿವೆ. ಜ್ಞಾನಭಾರತಿಯ ಕ್ಯಾಂಟೀನಿನಲ್ಲಿ, ಹಾಸ್ಟೆಲಿನ ಟೀವಿ ಹಾಲಿನಲ್ಲಿ, ಸಭೆ ಮುಗಿದ ಮೇಲಿನ ಟೀ ಅಂಗಡಿಯಲ್ಲಿ ಇವೆರಡೂ ಎದುರುಬದುರು ನಿಂತು ಕೂಗಾಡುತ್ತವೆ. ಮೊದಲನೆಯದು: ‘ಅವರ ಸುದ್ದಿ ಕೋಮುವಾದಿ ಅಂತ ಯಾರಿಗೆ ಗೊತ್ತಿಲ್ಲ? ಸುದ್ದಿ ನೋಡಬೇಡ. ಮ್ಯಾಚು ನೋಡು, ಸೀರಿಯಲ್ಲು ನೋಡು. ಅದಕ್ಕೂ ಇದಕ್ಕೂ ಏನು ಸಂಬಂಧ?’ ಎರಡನೆಯದು: ‘ಆ ಮಾಲೀಕನ ಮನೆಯ ನೀರೂ ಬೇಡ. ಅವನ ಮ್ಯಾಚು ನೋಡಿದವನು, ಅವನ ಸೀರಿಯಲ್ಲು ನೋಡಿದವನು ಅವನ ಸುದ್ದಿಗೂ ಕೂಲಿ ಕೊಟ್ಟ ಹಾಗೆ.’

ಎರಡೂ ವಾದಗಳು ನಮ್ಮವಲ್ಲ ಅನ್ನುವುದು ಈ ಲೇಖನದ ತಕರಾರು.

ಮೊದಲನೆಯದನ್ನು ನಾವು ಹಿಂದೆಯೇ ಕೇಳಿದ್ದೇವೆ. ‘ಸಾಹಿತ್ಯ ಬೇರೆ, ಜಾತಿ ಬೇರೆ, ಕೃತಿಯನ್ನು ಕೃತಿಯಾಗಿ ನೋಡಿ’ ಅಂತ ನಮ್ಮ ಹಿರಿಯರಿಗೆ ವಿಮರ್ಶೆಯ ಪೀಠದಿಂದ ಪಾಠ ಹೇಳಿದ್ದರು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದಾಗ ಸಾಹಿತ್ಯದಲ್ಲಿ ಅಂಥ ಭೇದ ಇಲ್ಲ ಅಂತಲೇ ಬಾಗಿಲು ಹಾಕಿದ್ದು. ಆ ಮುಚ್ಚಿದ ಬಾಗಿಲಿನ ಎದುರೇ 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಪದ್ಯಕ್ಕೂ ಪದ್ಯ ಬರೆದವನ ಹೊಟ್ಟೆಗೂ ಸಂಬಂಧ ಇದೆ ಅಂತ ಅವತ್ತು ಹೇಳಿದ ಜನ, ಇವತ್ತು ಸೀರಿಯಲ್ಲಿಗೂ ಅದರ ಯಜಮಾನನ ಸುದ್ದಿಗೂ ಸಂಬಂಧ ಇಲ್ಲ ಅಂತ ಹೇಗೆ ಹೇಳೋದು?

ಎರಡನೆಯದು ಕೇಳೋದಕ್ಕೆ ಕ್ರಾಂತಿಕಾರಿ. ಆದರೆ ಅದರ ಒಳಗಿನ ಭಾಷೆ ಮಡಿಯದ್ದು. ಮುಟ್ಟಿದರೆ ಮೈಲಿಗೆ, ನೋಡಿದರೆ ಮೈಲಿಗೆ, ಒಂದು ಹನಿ ಬಿದ್ದರೆ ಇಡೀ ಬಾವಿ ಕೆಟ್ಟಿತು ಅನ್ನುವ ತರ್ಕ ಎಲ್ಲಿಂದ ಬಂದದ್ದು ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬಹಿಷ್ಕಾರ ಅನ್ನುವ ಪದ ಕೇರಿಯ ಮಕ್ಕಳ ಬಾಯಲ್ಲಿ ಹಗುರವಾಗಿ ಬರುವಂಥದ್ದಲ್ಲ. ಕಿರಾಣಿ ಅಂಗಡಿ ಬಂದ್, ಕೂಲಿ ಬಂದ್, ಹೋಟೆಲು ಬಂದ್ ಅಂತ ಅದನ್ನು ನಮ್ಮ ಮೇಲೆ ಪ್ರಯೋಗ ಮಾಡುತ್ತಲೇ ಬಂದಿದ್ದಾರೆ. ಅದು ಬಳಸಬಾರದ ಆಯುಧ ಅಂತ ನಾನು ಹೇಳುತ್ತಿಲ್ಲ. ಯಾರ ಮೇಲೆ, ಯಾವುದಕ್ಕೆ, ಯಾರ ಖರ್ಚಿನಲ್ಲಿ ಅನ್ನೋದನ್ನು ಲೆಕ್ಕ ಹಾಕಿ ಬಳಸಬೇಕು.

ಹಾಗಾದರೆ ಮೊದಲು ಮಾಲೀಕರ ಲೆಕ್ಕವನ್ನೇ ನೋಡೋಣ.

*

ಸುದ್ದಿಯನ್ನೂ ಮನರಂಜನೆಯನ್ನೂ ಬೇರ್ಪಡಿಸಿದವರು ನಾವಲ್ಲ, ಸರ್ಕಾರ. 2003ರಲ್ಲಿ ಕೇಂದ್ರ ಸರ್ಕಾರ ಸುದ್ದಿ ಚಾನೆಲ್ಲುಗಳಲ್ಲಿ ವಿದೇಶಿ ಬಂಡವಾಳಕ್ಕೆ ಶೇಕಡಾ 26ರ ಮಿತಿ ಹಾಕಿತು; 2015ರಲ್ಲಿ ಅದನ್ನು 49ಕ್ಕೆ ಏರಿಸಿತು. ಸೀರಿಯಲ್ಲು, ಸಿನಿಮಾ, ಆಟದ ಚಾನೆಲ್ಲುಗಳಲ್ಲಿ ವಿದೇಶಿಯವನು ನೂರಕ್ಕೆ ನೂರು ಹೂಡಬಹುದು. ಅಂದರೆ ಸುದ್ದಿಯಲ್ಲಿ ದೇಶದ ತಲೆ ತಿರುಗಿಸುವ ಶಕ್ತಿ ಇದೆ, ಸೀರಿಯಲ್ಲಿನಲ್ಲಿ ಇಲ್ಲ ಅನ್ನುವುದು ಸರ್ಕಾರದ ನಂಬಿಕೆ. ಮನೆಯಲ್ಲಿ ಸಂಜೆ ಆರರಿಂದ ಹತ್ತರ ತನಕ ಏನು ಓಡುತ್ತದೆ ಅಂತ ನೋಡಿದವರಿಗೆ ಈ ನಂಬಿಕೆ ಎಷ್ಟು ಪೊಳ್ಳು ಅಂತ ತಿಳಿಯುತ್ತದೆ. ಇರಲಿ. ಈ ಕಾನೂನಿನ ಗೋಡೆ ಕನ್ನಡದಲ್ಲಿ ಏನು ಮಾಡಿತು?

ಸುವರ್ಣ ಚಾನೆಲ್ 2007ರಲ್ಲಿ ಶುರುವಾಯಿತು, ಸುವರ್ಣ ನ್ಯೂಸ್ 2008ರಲ್ಲಿ. ಎರಡರ ಹಿಂದೆಯೂ ಇದ್ದವರು ಉದ್ಯಮಿ ರಾಜೀವ್ ಚಂದ್ರಶೇಖರ್. ಅವರು 2006ರಿಂದ 2024ರ ತನಕ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದವರು. ಮೊದಲು ಪಕ್ಷೇತರರಾಗಿ, 2018ರಿಂದ ಬಿಜೆಪಿಯ ಸದಸ್ಯರಾಗಿ. 2021ರಿಂದ 2024ರ ತನಕ ಕೇಂದ್ರದಲ್ಲಿ ರಾಜ್ಯ ಸಚಿವರು. 2008ರ ಕೊನೆಗೆ ಮನರಂಜನೆಯ ಸುವರ್ಣದ ಹೆಚ್ಚಿನ ಪಾಲು ವಿದೇಶಿ ಒಡೆತನದ ಸ್ಟಾರ್ ಕಂಪನಿಯ ಕೈಸೇರಿತು. ಸುದ್ದಿಯ ಸುವರ್ಣ ಮಾತ್ರ ಹಳೆಯ ಯಜಮಾನರ ಜುಪಿಟರ್ ಗುಂಪಿನಲ್ಲೇ ಉಳಿಯಿತು. ಕಾಗದದ ಮೇಲೆ ಎರಡು ಮನೆ, ಎರಡು ಯಜಮಾನಿಕೆ. ಹೆಸರು ಮಾತ್ರ ಒಂದೇ. ನಮ್ಮ ಹಟ್ಟಿಯಲ್ಲಿ ಇವತ್ತಿಗೂ ಯಾರನ್ನಾದರೂ ಕೇಳಿ, ಸುವರ್ಣ ಅಂದರೆ ಒಂದೇ ಸುವರ್ಣ. ಸೀರಿಯಲ್ಲಿನ ಸೊಸೆ ಗಳಿಸಿದ ನಂಬಿಕೆ ಹೆಸರಿನ ದಾರಿ ಹಿಡಿದು ಸುದ್ದಿಯ ಮೇಜಿಗೆ ಹೋಗಿ ಕೂತುಬಿಡುತ್ತದೆ. ಆಸ್ತಿ ಪಾಲಾದರೂ ನಂಬಿಕೆ ಪಾಲಾಗಲಿಲ್ಲ.

ಝೀ ಕನ್ನಡದ ಕಥೆ ಇದರ ತಲೆಕೆಳಗು. 2006ರಲ್ಲಿ ಶುರುವಾದಾಗ ಅದು ಇದ್ದದ್ದು ಝೀ ನ್ಯೂಸ್ ಲಿಮಿಟೆಡ್ ಅನ್ನುವ ಕಂಪನಿಯ ಕೆಳಗೆ! ಸೀರಿಯಲ್ಲಿನ ಚಾನೆಲ್ಲನ್ನು ಸುದ್ದಿ ಕಂಪನಿ ಸಾಕುತ್ತಿತ್ತು. 2010ರ ಹೊತ್ತಿಗೆ ಪ್ರಾದೇಶಿಕ ಮನರಂಜನೆಯನ್ನು ಬೇರ್ಪಡಿಸಿ ಝೀ ಎಂಟರ್‌ಟೈನ್‌ಮೆಂಟ್ ಕಂಪನಿಗೆ ಸೇರಿಸಿದರು. ಗುಂಪಿನ ಸ್ಥಾಪಕ ಸುಭಾಷ್ ಚಂದ್ರ 2016ರಲ್ಲಿ ಬಿಜೆಪಿಯ ಬೆಂಬಲದಿಂದ ಹರಿಯಾಣದಿಂದ ರಾಜ್ಯಸಭೆಗೆ ಹೋದರು. ಅದೇ ವರ್ಷ ಫೆಬ್ರವರಿಯಲ್ಲಿ ಜೆಎನ್‌ಯು ವಿದ್ಯಾರ್ಥಿಗಳನ್ನು ದೇಶದ್ರೋಹಿಗಳೆಂದು ತೋರಿಸಿದ ರೀತಿಯನ್ನು ಪ್ರತಿಭಟಿಸಿ ಝೀ ನ್ಯೂಸಿನ ಒಳಗಿದ್ದ ವಿಶ್ವದೀಪಕ್ ಎಂಬ ಪತ್ರಕರ್ತರೇ ರಾಜೀನಾಮೆ ಎಸೆದು ಹೊರಬಂದರು.

ಮೂರನೆಯದು ಈಟೀವಿ ಕನ್ನಡ. 2000ದ ಡಿಸೆಂಬರಿನಲ್ಲಿ ರಾಮೋಜಿ ರಾಯರ ಗುಂಪು ಶುರು ಮಾಡಿದ್ದು. ಆಮೇಲೆ ಅದು ನೆಟ್‌ವರ್ಕ್18 ಪಾಲಾಯಿತು. 2014ರಲ್ಲಿ ನೆಟ್‌ವರ್ಕ್18 ರಿಲಯನ್ಸ್ ಕೈಗೆ ಬಂತು. 2015ರಲ್ಲಿ ಈಟೀವಿ ಕನ್ನಡ ಹೋಗಿ ಕಲರ್ಸ್ ಕನ್ನಡ ಆಯಿತು. ಸುದ್ದಿಯ ಕವಲು ನ್ಯೂಸ್18 ಕನ್ನಡ ಆಯಿತು. ಇಲ್ಲಿ ಹೆಸರು ಬೇರೆ ಬೇರೆ, ಯಜಮಾನ ಒಬ್ಬನೇ. 2024ರ ನವೆಂಬರಿನಲ್ಲಿ ರಿಲಯನ್ಸಿನ ಮನರಂಜನಾ ವ್ಯಾಪಾರವೂ ಡಿಸ್ನಿಯ ಸ್ಟಾರ್ ಇಂಡಿಯಾವೂ ಒಂದಾಗಿ ಜಿಯೋಸ್ಟಾರ್ ಹುಟ್ಟಿತು. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಒಂದೇ ಸೂರಿನ ಕೆಳಗೆ ಬಂದವು. ಸಂಜೆ ರಿಮೋಟು ಕಿತ್ತಾಡುವ ಅತ್ತೆಗೂ ಸೊಸೆಗೂ ಇದು ಗೊತ್ತಿಲ್ಲ. ಇಬ್ಬರೂ ಒಬ್ಬನ ಜೇಬಿಗೇ ಹಾಕುತ್ತಿದ್ದಾರೆ.

ಕನ್ನಡದ ಮಟ್ಟಿಗೆ ಇದು ಹೊಸ ರೋಗವೇನಲ್ಲ. ಉದಯ ಟೀವಿ 1994ರಲ್ಲಿ ಬಂದದ್ದು ಡಿಎಂಕೆಯ ಮಾರನ್ ಮನೆತನದಿಂದ. ಕಸ್ತೂರಿ 2007ರಲ್ಲಿ ಕುಮಾರಸ್ವಾಮಿಯವರ ಮನೆಯಿಂದ. ಜನಶ್ರೀ ಬಳ್ಳಾರಿಯ ಗಣಿ ಧಣಿಗಳ ಕಾಲದಲ್ಲಿ ಅವರ ಬಳಗದಿಂದ. ಒಬ್ಬೊಬ್ಬ ಯಜಮಾನನಿಗೂ ಒಂದೊಂದು ಪರದೆ. ಆದ್ದರಿಂದ ‘ಬಿಜೆಪಿ ಚಾನೆಲ್ ಬೇಡ’ ಅನ್ನುವವರು ಮಿಕ್ಕ ಪಕ್ಷಗಳ ಚಾನೆಲ್ಲುಗಳ ಬಗ್ಗೆಯೂ ಬಾಯಿ ಬಿಡಬೇಕು.

*

ಈಗ ನಮ್ಮ ಗಂಟಲಿನ ಮುಳ್ಳಿಗೆ ಬರೋಣ. ಅದರ ಹೆಸರು ‘ಮಹಾನಾಯಕ’.

ಹಿಂದಿಯಲ್ಲಿ ಝೀ ಗುಂಪಿನದೇ ಆದ ಆ್ಯಂಡ್ ಟೀವಿಯಲ್ಲಿ 2019ರ ಡಿಸೆಂಬರಿನಲ್ಲಿ ಶುರುವಾದ ಅಂಬೇಡ್ಕರ್ ಧಾರಾವಾಹಿ 2020ರ ಜುಲೈನಲ್ಲಿ ಕನ್ನಡಕ್ಕೆ ಡಬ್ ಆಗಿ ಝೀ ಕನ್ನಡದಲ್ಲಿ ಬಂತು. ಕೊರೊನಾ ಕಾಲ. ಕೂಲಿ ಇಲ್ಲ, ಸ್ಕೂಲಿಲ್ಲ, ಬಸ್ಸಿಲ್ಲ. ವಾರಾಂತ್ಯದ ಸಂಜೆ ಕೇರಿ ಕೇರಿಗಳಲ್ಲಿ ಜನ ಟೀವಿ ಮುಂದೆ ಕೂತರು. ಊರ ಬಾಗಿಲಲ್ಲಿ ಧಾರಾವಾಹಿಯ ಫ್ಲೆಕ್ಸ್ ನಿಲ್ಲಿಸಿದರು. ಸಿನಿಮಾ ನಟನಿಗೆ ಕಟ್ಟುವ ಕಟೌಟನ್ನು ಒಬ್ಬ ಶಾಲೆಗೆ ಹೋಗುವ ಹುಡುಗನ ಪಾತ್ರಕ್ಕೆ ಕಟ್ಟಿದರು. ಧಾರಾವಾಹಿ ನಿಲ್ಲಿಸಿ ಅಂತ ಬೆದರಿಕೆ ಕರೆಗಳು ಬರುತ್ತಿವೆ ಎಂದು ಚಾನೆಲ್ಲಿನ ಮುಖ್ಯಸ್ಥ ರಾಘವೇಂದ್ರ ಹುಣಸೂರು ಬಹಿರಂಗವಾಗಿ ಹೇಳಿದರು, ನಿಲ್ಲಿಸುವುದಿಲ್ಲ ಎಂದೂ ಹೇಳಿದರು. ನಿಲ್ಲಿಸಲಿಲ್ಲ.

ಎರಡನೇ ವಾದದ ಗೆಳೆಯರಿಗೆ ನನ್ನ ಪ್ರಶ್ನೆ ಇದು. ಓದು ಬಾರದ ನನ್ನ ಅವ್ವನಿಗೆ ಟೀವಿಯೇ ಪತ್ರಿಕೆ, ಟೀವಿಯೇ ಪುಸ್ತಕ. ಬಾಬಾಸಾಹೇಬರ ಸಂಪುಟಗಳನ್ನು ನಾನು ಜ್ಞಾನಭಾರತಿಯ ಲೈಬ್ರರಿಯಲ್ಲಿ ಕೂತು ಓದಬಲ್ಲೆ. ಗೋಣಿತಟ್ಟಿನ ಮೇಲೆ ಕೂರಿಸಿದ್ದು, ನೀರು ಮೇಲಿಂದ ಹೊಯ್ದದ್ದು ಅವಳಿಗೆ ಕಣ್ಣಿಗೆ ಕಂಡದ್ದು ಆ ಪೆಟ್ಟಿಗೆಯಲ್ಲಿ. ‘ಝೀ ಗುಂಪಿನದು, ಆಫ್ ಮಾಡು’ ಅಂತ ಅವಳಿಗೆ ಹೇಳುವ ಮುಖ ಯಾರಿಗಿದೆ? ಲ್ಯಾಪ್‌ಟಾಪು, ಇಂಗ್ಲಿಷು, ಹತ್ತು ಬಗೆಯ ಪರ್ಯಾಯ ಮಾಧ್ಯಮ ಇರುವವನಿಗೆ ಬಹಿಷ್ಕಾರ ಅಗ್ಗ. ಒಂದೇ ಪೆಟ್ಟಿಗೆ ಇರುವವಳಿಗೆ ಅದು ದುಬಾರಿ. ಉಳ್ಳವರ ಬಹಿಷ್ಕಾರದ ಬಿಲ್ಲನ್ನು ಇಲ್ಲದವರು ಕಟ್ಟುವಂತಾಗಬಾರದು.

ಹಾಗೆಂದು ಧಾರಾವಾಹಿಗೆ ಆರತಿ ಎತ್ತಬೇಕಾಗಿಲ್ಲ. ವಿಮರ್ಶೆ ಅದಕ್ಕೂ ಆಗಬೇಕು. ಸೀರಿಯಲ್ಲಿನ ಅಚ್ಚಿಗೆ ಹೊಯ್ದಾಗ ಅಂಬೇಡ್ಕರರೂ ಒಬ್ಬ ಪವಾಡದ ಬಾಲಕನಾಗುತ್ತಾರೆ. ಬಾಲ್ಯವನ್ನು ಎಳೆದೂ ಎಳೆದೂ ತೋರಿಸಿದರು. ಮಗುವಾಗಿದ್ದಾಗ ನೊಂದ ಭೀಮನಿಗೆ ಯಾರು ಬೇಕಾದರೂ ಕಣ್ಣೀರು ಹಾಕಬಲ್ಲರು. ಬರೆಯಲು ಕೂತ ಭೀಮರಾಯರು ಮೇಲ್ಜಾತಿಯ ಮನೆಯ ಹಾಲಿಗೆ ಬರೋದು ಕಷ್ಟ. ಪ್ರತಿ ಕಂತಿಗೂ ಒಬ್ಬ ದುಷ್ಟ ಬೇಕು. ದುಷ್ಟ ಸೋತರೆ ಕಂತು ಮುಗಿಯಿತು. ಜಾತಿ ಒಬ್ಬ ಮೀಸೆಯವನ ಕೆಟ್ಟತನ ಅನ್ನುವ ಭಾವ ಉಳಿಯುತ್ತದೆ. ಒಳ್ಳೆಯವರ ಕೈಯಿಂದಲೇ ನಡೆಯುವ ವ್ಯವಸ್ಥೆ ಅದು ಅನ್ನೋದು ಉಳಿಯೋದಿಲ್ಲ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 1920ರ ಜನವರಿ 31ರಂದು ಅಂಬೇಡ್ಕರರು ‘ಮೂಕನಾಯಕ’ ಪತ್ರಿಕೆ ತಂದರು. ಅದರ ಜಾಹೀರಾತನ್ನು ದುಡ್ಡು ಕೊಡುತ್ತೇವೆಂದರೂ ಹಾಕಲು ತಿಲಕರ ‘ಕೇಸರಿ’ ಒಪ್ಪಲಿಲ್ಲ. ಆಮೇಲೆ ‘ಬಹಿಷ್ಕೃತ ಭಾರತ’, ‘ಜನತಾ’, ‘ಪ್ರಬುದ್ಧ ಭಾರತ’. ಬಾಬಾಸಾಹೇಬರು ತಮ್ಮ ಜನಕ್ಕೆ ಬೇಕು ಅಂತ ಕೈಯಾರೆ ಕಟ್ಟಿದ್ದು ಸುದ್ದಿಯ ಪತ್ರಿಕೆ. ಮೂಕನಾಯಕನಿಗೆ ನೂರು ತುಂಬಿದ ವರ್ಷವೇ ಕನ್ನಡದಲ್ಲಿ ಮಹಾನಾಯಕ ಬಂದದ್ದು. ನೂರು ವರ್ಷದಲ್ಲಿ ಅಂಬೇಡ್ಕರರಿಗೆ ಸಂಜೆಯ ಧಾರಾವಾಹಿ ಸಿಕ್ಕಿತು. ಅಂಬೇಡ್ಕರರ ಮಕ್ಕಳಿಗೆ ರಾತ್ರಿ ಒಂಬತ್ತರ ಸುದ್ದಿಯ ಮೇಜಿನಲ್ಲಿ ಕುರ್ಚಿ ಸಿಕ್ಕಿತೆ?

1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತರು ದಿಲ್ಲಿಯಲ್ಲಿ ಒಬ್ಬ ದಲಿತ ಪತ್ರಕರ್ತನಿಗಾಗಿ ಹುಡುಕಾಡಿ, ಸಿಗಲಿಲ್ಲ ಅಂತ ಬರೆದರು. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಹಿಂದಿ, ಇಂಗ್ಲಿಷ್ ಸುದ್ದಿಮನೆಗಳ 121 ಮುಖ್ಯ ಹುದ್ದೆಗಳನ್ನು ಎಣಿಸಿದಾಗ 106ರಲ್ಲಿ ಮೇಲ್ಜಾತಿಯವರಿದ್ದರು. ದಲಿತರು, ಆದಿವಾಸಿಗಳು ಒಬ್ಬರೂ ಇರಲಿಲ್ಲ. 2020ರ ಸೆಪ್ಟೆಂಬರನ್ನೇ ನೆನಪು ಮಾಡಿಕೊಳ್ಳಿ. ನಮ್ಮ ಕೇರಿಗಳಲ್ಲಿ ಮಹಾನಾಯಕ ಓಡುತ್ತಿದ್ದ ತಿಂಗಳು. ಕನ್ನಡ ಸುದ್ದಿ ಚಾನೆಲ್ಲುಗಳು ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣದ ನಟಿಯರ ಹಿಂದೆ ಓಡುತ್ತಿದ್ದವು. ಆ ತಿಂಗಳ 29ರ ರಾತ್ರಿ ಹಾಥರಸಿನಲ್ಲಿ ಹತ್ತೊಂಬತ್ತರ ದಲಿತ ಹುಡುಗಿಯ ಹೆಣವನ್ನು ಮನೆಯವರನ್ನು ದೂರ ಇಟ್ಟು ಪೊಲೀಸರು ಸುಟ್ಟುಹಾಕಿದರು. ಸೀರಿಯಲ್ಲಿನಲ್ಲಿ ಸತ್ತ ದಲಿತನಿಗೆ ಅಳುವ ಪರದೆಗೆ ಅವತ್ತೇ ಸತ್ತ ದಲಿತಳ ಸುದ್ದಿ ಕಾಣಲು ಹೊತ್ತು ಹಿಡಿಯಿತು. ನಮ್ಮನ್ನು ಕಥೆಯಾಗಿ ಒಳಗೆ ಬಿಟ್ಟುಕೊಳ್ಳುತ್ತಾರೆ, ವರದಿಯಾಗಿ ಹೊರಗೆ ನಿಲ್ಲಿಸುತ್ತಾರೆ. ‘ಸುದ್ದಿ ಬೇರೆ, ಮನರಂಜನೆ ಬೇರೆ’ ಅನ್ನುವ ಗೋಡೆಯನ್ನು ಅವರು ಕಟ್ಟಿರೋದು ಇಲ್ಲಿ.

*

ಮೊದಲನೇ ವಾದದವರು ಈಗ ಎದ್ದು ಕೇಳಬಹುದು: ‘ಅಂದರೆ ಸುದ್ದಿ ಬಿಟ್ಟು ಸೀರಿಯಲ್ಲು ನೋಡಿದರೆ ಸರಿ ತಾನೆ?’ ಅಷ್ಟು ಸುಲಭ ಇಲ್ಲ.

2020ರ ಮಾರ್ಚ್-ಏಪ್ರಿಲಿನಲ್ಲಿ ತಬ್ಲೀಗಿ ಜಮಾತಿನ ನೆಪದಲ್ಲಿ ಕೊರೊನಾಕ್ಕೆ ಟೋಪಿ ಹಾಕಿ ಮುಸಲ್ಮಾನರ ಮನೆ ಬಾಗಿಲಿಗೆ ಕಳಿಸಿದ್ದು ಸುದ್ದಿ ಚಾನೆಲ್ಲುಗಳು. ಬೆಂಗಳೂರಿನ ದ್ವೇಷಭಾಷಣ ವಿರೋಧಿ ಬಳಗವೊಂದು ದೂರು ಕೊಟ್ಟಿತು. ಸುದ್ದಿ ಚಾನೆಲ್ಲುಗಳೇ ಕಟ್ಟಿಕೊಂಡ ಪ್ರಾಧಿಕಾರ 2021ರ ಜೂನಿನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸಿಗೆ 50 ಸಾವಿರ ರೂಪಾಯಿ ದಂಡ ಹಾಕಿತು. ನ್ಯೂಸ್18 ಕನ್ನಡ ತಪ್ಪೊಪ್ಪಿಗೆ ಪ್ರಸಾರ ಮಾಡಬೇಕೆಂದೂ ಹೇಳಿತು. ಅದೇ ಜೂನಿನಲ್ಲಿ ಲಾಕ್‌ಡೌನಿಂದ ನಿಂತಿದ್ದ ಬಿಗ್ ಬಾಸ್ ಕನ್ನಡ ಕಲರ್ಸ್ ಕನ್ನಡದಲ್ಲಿ ಮತ್ತೆ ಶುರುವಾಯಿತು. ಬಿಗ್ ಬಾಸ್ ಮತ್ತೆ ಬಂದದ್ದು ಓಣಿಗೆಲ್ಲ ಗೊತ್ತು. ದಂಡ ಕಟ್ಟಿದ್ದು ಎಷ್ಟು ಜನಕ್ಕೆ ಗೊತ್ತು? ಒಂದು ಲಕ್ಷ ರೂಪಾಯಿ ಅಂದರೆ ಆ ಗುಂಪಿಗೆ ಏನು? ಬೇರೆ ಕೈಯಲ್ಲಿ ಸಾವಿರ ಸಾವಿರ ಕೋಟಿಯ ಆಟ ಇರುವವನಿಗೆ ದಂಡ ಅನ್ನೋದು ಚಹಾದ ಖರ್ಚು. ಒಂದು ಬಾಗಿಲ ತಪ್ಪನ್ನು ಇನ್ನೊಂದು ಬಾಗಿಲ ಲಾಭ ತೊಳೆಯುತ್ತದೆ.

ಮನರಂಜನೆಯ ಒಳಗೂ ಜಾತಿಯೇ ಅಡುಗೆ ಮಾಡುತ್ತಿದೆ. ನಮ್ಮ ಸೀರಿಯಲ್ಲುಗಳ ದೊಡ್ಡಮನೆಗಳಲ್ಲಿ ಜಾತಿಯ ಹೆಸರು ಹೇಳೋದಿಲ್ಲ, ದೇವರ ಮನೆ ತೋರಿಸುತ್ತಾರೆ. ಅಲ್ಲಿ ಮನೆಗೆಲಸದವಳಿಗೆ ಹೆಸರಿದೆ, ಕೇರಿ ಇಲ್ಲ. 2012ರಲ್ಲಿ ಆಮೀರ್ ಖಾನನ ‘ಸತ್ಯಮೇವ ಜಯತೆ’ ಸುವರ್ಣದಲ್ಲಿ ಕನ್ನಡದಲ್ಲಿ ಬರಬೇಕಿತ್ತು. ಡಬ್ಬಿಂಗ್ ವಿರೋಧದಿಂದ ಬರಲಿಲ್ಲ. ಅಸ್ಪೃಶ್ಯತೆಯ ಬಗ್ಗೆ, ಮಲ ಹೊರುವವರ ಬಗ್ಗೆ ಬೆಜವಾಡ ವಿಲ್ಸನ್ ಮಾತಾಡಿದ ಕಂತು ಆ ಮಾಲೆಯಲ್ಲಿತ್ತು. ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯ ಮಗ. ಕನ್ನಡ ಉಳಿಯಿತು ಅಂತ ಚಿತ್ರರಂಗದವರು ಹೇಳಿದರು; ಕೆಜಿಎಫ್‌ನ ಮಗನ ಮಾತು ಕನ್ನಡಕ್ಕೆ ಬರಲಿಲ್ಲ. ಎಂಟು ವರ್ಷದ ಮೇಲೆ ಡಬ್ಬಿಂಗಿನ ಬಾಗಿಲು ತೆರೆದದ್ದರಿಂದಲೇ ಮಹಾನಾಯಕ ಬಂತು. ಭಾಷೆಯ ಹೆಸರಿನ ಬಹಿಷ್ಕಾರಕ್ಕೆ ಬೆಲೆ ತೆತ್ತವರು ಯಾರು ಅಂತ ಯೋಚಿಸಬೇಕು.

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದರೆ ಕುಂಬಳಗೋಡು, ಮುಂದೆ ಬಿಡದಿ. ಬಿಗ್ ಬಾಸ್ ಮನೆಗಳು ಎದ್ದ ದಾರಿ ಇದು. 2023ರ ನವೆಂಬರಿನಲ್ಲಿ ಆ ಮನೆಯೊಳಗಿನ ಒಂದು ಮಾತು ಬೋವಿ ಸಮುದಾಯವನ್ನು ಹೀಯಾಳಿಸಿತು ಎಂದು ದೌರ್ಜನ್ಯ ತಡೆ ಕಾಯ್ದೆಯಡಿ ದೂರು ದಾಖಲಾದದ್ದು ಇದೇ ಕುಂಬಳಗೋಡು ಠಾಣೆಯಲ್ಲಿ. ಇಡೀ ಬೆಂಗಳೂರಿಗೆ ಕಲ್ಲು ಹೊತ್ತ ಜನರ ಜಾತಿಯ ಹೆಸರೇ ಬೈಗುಳ. ಆಡಿದವರ ಬಾಯಿ ಒಂದು ಕಡೆ ಇರಲಿ. ದಿನವಿಡೀ ಚಿತ್ರೀಕರಿಸಿ ಒಂದೂವರೆ ಗಂಟೆಗೆ ಇಳಿಸುವ ಕಾರ್ಯಕ್ರಮದಲ್ಲಿ ಆ ಮಾತನ್ನು ಕತ್ತರಿಸದೆ ಬಿಟ್ಟ ಕೈ ಯಾರದು? ಕತ್ತರಿ ಹಿಡಿದವನಿಗೆ ಅದು ಬೈಗುಳ ಅಂತ ಅನ್ನಿಸಲೇ ಇಲ್ಲ. ಸುದ್ದಿಯ ಮೇಜಿನಲ್ಲಿ ನಾವಿಲ್ಲದ್ದಕ್ಕೂ ಕತ್ತರಿಯ ಮೇಜಿನಲ್ಲಿ ನಾವಿಲ್ಲದ್ದಕ್ಕೂ ಕಾರಣ ಬೇರೆಯಲ್ಲ.

ಮರಕುಂಬಿಯನ್ನು ಮರೆಯಬೇಡಿ. 2014ರ ಆಗಸ್ಟ್ 28ರಂದು ಗಂಗಾವತಿಯ ಟಾಕೀಸಿನಲ್ಲಿ ಸಿನಿಮಾ ಟಿಕೆಟ್ಟಿನ ವಿಚಾರಕ್ಕೆ ಹತ್ತಿದ ಜಗಳ ಊರಿಗೆ ಬಂದು ದಲಿತರ ಗುಡಿಸಲುಗಳಿಗೆ ಬೆಂಕಿಯಾಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟು ಬಹುಪಾಲು ಮಂದಿಗೆ ಜಾಮೀನು ಕೊಟ್ಟಿತು. ಮನರಂಜನೆ ಬರೀ ಮನರಂಜನೆ ಅನ್ನುವವರು ಆ ಸುಟ್ಟ ಗೋಡೆಗಳ ಮುಂದೆ ನಿಂತು ಹೇಳಲಿ.

*

ಆಟಕ್ಕೆ ಬರೋಣ. ‘ಆಟದಲ್ಲಿ ಜಾತಿ ಎಲ್ಲಿದೆ, ಬಾಲಿಗೆ ಕುಲ ಇದೆಯಾ?’ ಅಂತಾರೆ.

ನಮ್ಮ ಜ್ಞಾನಭಾರತಿಯ ಕ್ಯಾಂಪಸ್ಸಿಗೇ ಅಂಟಿಕೊಂಡು ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇದೆ. ದೇಶದ ಹಾಕಿ ತಂಡಗಳು ವರ್ಷಗಟ್ಟಲೆ ಬೆವರು ಸುರಿಸೋದು ಅಲ್ಲೇ. ಟೋಕಿಯೋ ಒಲಿಂಪಿಕ್ಸಿಗೆ ಹೋದ ಹೆಣ್ಣುಮಕ್ಕಳ ತಂಡವೂ ಇಲ್ಲೇ ತಯಾರಾದದ್ದು. ಆ ತಂಡದ ವಂದನಾ ಕಟಾರಿಯಾ 2021ರ ಜುಲೈ 31ರಂದು ದಕ್ಷಿಣ ಆಫ್ರಿಕಾದ ಮೇಲೆ ಮೂರು ಗೋಲು ಹೊಡೆದರು. ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಮಹಿಳೆ. ನಾಲ್ಕು ದಿನದ ಮೇಲೆ ಸೆಮಿಫೈನಲ್ಲಿನಲ್ಲಿ ಅರ್ಜೆಂಟೀನಾ ಎದುರು ತಂಡ ಸೋತಿತು. ಹರಿದ್ವಾರದ ಬಳಿ ರೋಷನಾಬಾದಿನಲ್ಲಿ ಅವರ ಮನೆ ಮುಂದೆ ಕೆಲವರು ಪಟಾಕಿ ಹೊಡೆದು, ತಂಡದಲ್ಲಿ ದಲಿತರು ಜಾಸ್ತಿ ಆಗಿದ್ದಕ್ಕೇ ಸೋತದ್ದು ಅಂತ ಕೂಗಾಡಿದರು. ಗೆದ್ದ ಮೂರು ಗೋಲಿಗೆ ಜಾತಿ ಇರಲಿಲ್ಲ, ದೇಶ ಇತ್ತು. ಸೋತ ಕೂಡಲೇ ಜಾತಿ ಬಂತು. ನೂರು ವರ್ಷದ ಹಿಂದೆ ಪಲ್ವಂಕರ್ ಬಾಲೂ ಅನ್ನುವ ಚಮ್ಮಾರರ ಮಗ ಹಿಂದೂಗಳ ತಂಡಕ್ಕೆ ವಿಕೆಟ್ಟು ಕಿತ್ತುಕೊಟ್ಟರೂ ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ನಾಯಕತ್ವ ಕೊಡಲೇ ಇಲ್ಲ.

ಆದರೂ ಆಟವನ್ನು ನಾವು ಬಿಟ್ಟುಕೊಡಬಾರದು ಅನ್ನುವುದು ನನ್ನ ಹಟ. ಕಾರಣ ಇದೆ. ಈ ದೇಶದ ಆಕಾಶ ಯಾರದು ಅನ್ನುವ ಪ್ರಶ್ನೆಯನ್ನು ತೀರ್ಮಾನ ಮಾಡಿಸಿದ್ದು ಒಂದು ಕ್ರಿಕೆಟ್ ಪಂದ್ಯಾವಳಿ. 1993ರ ಹೀರೋ ಕಪ್ ಯಾರು ಪ್ರಸಾರ ಮಾಡಬೇಕು ಅನ್ನುವ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿ 9ರ ತೀರ್ಪಿನಲ್ಲಿ ಕೋರ್ಟು, ಪ್ರಸಾರದ ಅಲೆಗಳು ಸಾರ್ವಜನಿಕರ ಆಸ್ತಿ ಅಂತ ಹೇಳಿತು. ಊರ ಕೆರೆ, ಊರ ಗೋಮಾಳದ ಹಾಗೆ. 2007ರಲ್ಲಿ ಸಂಸತ್ತು ಇನ್ನೊಂದು ಕಾಯ್ದೆ ಮಾಡಿತು: ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರ ಹಕ್ಕನ್ನು ಯಾರೇ ಕೊಂಡಿರಲಿ, ಅದರ ಸಂಕೇತವನ್ನು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ತಿಂಗಳ ಬಾಡಿಗೆ ಕಟ್ಟಲಾಗದವನೂ ದೂರದರ್ಶನದಲ್ಲಿ ನೋಡಲಿ ಅಂತ. ಆಟವನ್ನು ಅದರ ವ್ಯಾಪಾರಿಯಿಂದ ಬೇರ್ಪಡಿಸುವುದು ಅಂದರೆ ಇದು. ನೋಡುವವನು ತನ್ನ ತಲೆಯೊಳಗೆ ಗೋಡೆ ಕಟ್ಟಿಕೊಳ್ಳುವುದರಿಂದ ಏನೂ ಆಗೋದಿಲ್ಲ. ಕಾನೂನು ವ್ಯಾಪಾರಿಯ ಕೈಯಿಂದ ಒಂದು ಪಾಲು ಕಿತ್ತು ಜನರ ಕೈಗೆ ಕೊಡಬೇಕು.

ಐಪಿಎಲ್ಲಿಗೆ ಆ ಕಾಯ್ದೆ ತಾಗುವುದಿಲ್ಲ. 2022ರ ಜೂನಿನಲ್ಲಿ ಐದು ವರ್ಷದ ಐಪಿಎಲ್ ಪ್ರಸಾರ 48,390 ಕೋಟಿಗೆ ಹರಾಜಾಯಿತು. ಟೀವಿಯ ಹಕ್ಕು ಡಿಸ್ನಿ ಸ್ಟಾರಿಗೆ 23,575 ಕೋಟಿಗೆ, ಮೊಬೈಲಿನದು ರಿಲಯನ್ಸಿನ ವಯಾಕಾಮ್18ಗೆ. ಎರಡು ವರ್ಷದಲ್ಲಿ ಎರಡೂ ಕಂಪನಿ ಒಂದಾದವು. 2023ರಲ್ಲಿ ಜಿಯೋ ಸಿನಿಮಾ ಐಪಿಎಲ್ಲನ್ನು ಕನ್ನಡ ಕಾಮೆಂಟರಿಯೊಡನೆ ಪುಕ್ಕಟೆ ಕೊಟ್ಟಿತು. ಹುಡುಗರು ಕೆಲಸದ ಜಾಗದಲ್ಲೂ ಮೊಬೈಲು ನೆಟ್ಟು ನೋಡಿದರು. ಪುಕ್ಕಟೆ ಊಟ ಹಾಕುವ ಸಾಹುಕಾರ ಯಾಕೆ ಹಾಕುತ್ತಾನೆ ಅಂತ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. 2025ರಲ್ಲಿ ಅದು ರೀಚಾರ್ಜಿನ ಕಟ್ಟಿಗೆ ಸೇರಿತು.

ಅದೇ 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಗೆದ್ದಿತು. ಮರುದಿನ ಸುದ್ದಿ ಚಾನೆಲ್ಲುಗಳು ವರದಿಗಾರರ ಭಾಷೆ ಬಿಟ್ಟು ಅಭಿಮಾನಿಗಳ ಭಾಷೆಯಲ್ಲಿ ಕೂಗಿದವು. ಸಂಜೆಗೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ 11 ಜನ ತುಳಿತಕ್ಕೆ ಸಿಕ್ಕಿ ಸತ್ತರು. ಬೆಳಿಗ್ಗೆ ಬನ್ನಿ ಬನ್ನಿ ಅಂದ ಪರದೆಗಳೇ ಸಂಜೆ ಯಾಕೆ ಬಂದಿರಿ ಅಂದವು. ಅವತ್ತು ಸುದ್ದಿ ಎಲ್ಲಿತ್ತು, ಆಟ ಎಲ್ಲಿತ್ತು, ಮನರಂಜನೆ ಎಲ್ಲಿತ್ತು, ಯಾರಾದರೂ ಗೆರೆ ಎಳೆದು ತೋರಿಸಲಿ.

*

ಇಷ್ಟು ಹೇಳಿದ ಮೇಲೆ ನಿಲುವು ಏನು ಅಂತ ಗೆಳೆಯರು ಕೇಳುತ್ತಾರೆ. ಕೇಳಬೇಕು.

ಬೇರ್ಪಡಿಸಬೇಕು, ನಿಜ. ಆದರೆ ಗೆರೆ ಸುದ್ದಿಗೂ ಆಟಕ್ಕೂ ನಡುವೆ ಬೀಳಬಾರದು. ದುಡಿದವರಿಗೂ ಯಜಮಾನನಿಗೂ ನಡುವೆ ಬೀಳಬೇಕು. ವಂದನಾಳ ಗೋಲು ವಂದನಾಳದು, ಪ್ರಸಾರ ಮಾಡಿದವನದಲ್ಲ. ಮಹಾನಾಯಕನಿಗೆ ಸಿಕ್ಕ ಗೌರವ ಫ್ಲೆಕ್ಸ್ ಕಟ್ಟಿದ ಕೇರಿಯದು, ಚಾನೆಲ್ಲಿನ ಲಾಂಛನದ್ದಲ್ಲ. ಅದೇ ಅಳತೆಯಲ್ಲಿ, ಸುದ್ದಿಮನೆಯಿಂದ ರಾಜೀನಾಮೆ ಎಸೆದು ಬಂದ ಪತ್ರಕರ್ತನನ್ನು ಆ ಚಾನೆಲ್ಲಿನ ಪಾಪದ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಯಜಮಾನನ ಕಡೆಗೆ ಮಾತ್ರ ಗೋಡೆ ಬೇಡ: ಅವನ ಸೀರಿಯಲ್ಲಿನ ಲಾಭ, ಆಟದ ಹರಾಜು, ಸುದ್ದಿಯ ವಿಷ ಮೂರನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಕು.

ಆದ್ದರಿಂದ ನೋಡುವವರ ಮೇಲೆ ಕಾವಲು ಕೂರುವುದನ್ನು ಬಿಡೋಣ. ಯಾರ ಅವ್ವ ಯಾವ ಸೀರಿಯಲ್ಲು ನೋಡಿದಳು ಅಂತ ಹುಡುಕೋದು ಚಳವಳಿಯ ಕೆಲಸ ಅಲ್ಲ. ಮಾಡಬೇಕಾದ ಕೆಲಸ ಬೇರೆ ಇದೆ. ದ್ವೇಷದ ಸುದ್ದಿಗೆ ತಾರೀಖು, ಗಂಟೆ, ನಿಮಿಷ ಬರೆದಿಟ್ಟು ದೂರು ಕೊಡಬೇಕು. 2020ರಲ್ಲಿ ಬೆಂಗಳೂರಿನ ಕೆಲವರು ಹಾಗೆ ಮಾಡಿದ್ದರಿಂದಲೇ ದಂಡ ಬಿತ್ತು. ದಂಡವನ್ನು ಆ ಗುಂಪಿನ ಎಲ್ಲ ಚಾನೆಲ್ಲುಗಳ ಗಳಿಕೆಯ ಲೆಕ್ಕದಲ್ಲಿ ಹಾಕಬೇಕು, ತಪ್ಪೊಪ್ಪಿಗೆಯನ್ನು ಅವರ ಜನಪ್ರಿಯ ಸೀರಿಯಲ್ಲಿನ ನಡುವೆ ಓದಿಸಬೇಕು ಅಂತ ಹಕ್ಕೊತ್ತಾಯ ಮಾಡಬೇಕು. ಐಪಿಎಲ್ಲನ್ನೂ 2007ರ ಕಾಯ್ದೆಯ ಒಳಗೆ ತರಬೇಕೆಂದು ಕೇಳಬೇಕು. ಸುದ್ದಿಯ ಮೇಜಿನಲ್ಲಿ, ಕತ್ತರಿಯ ಮೇಜಿನಲ್ಲಿ ನಮ್ಮ ಮಕ್ಕಳು ಎಷ್ಟು ಜನ ಅಂತ ಪ್ರತಿ ಕನ್ನಡ ಚಾನೆಲ್ಲನ್ನೂ ಹೆಸರು ಹಿಡಿದು ಕೇಳಬೇಕು. ಜ್ಞಾನಭಾರತಿಯಲ್ಲಿ ವರ್ಷವರ್ಷವೂ ಪತ್ರಿಕೋದ್ಯಮ ಓದಿ ಹೊರಬೀಳುವ ಕೇರಿಯ ಹುಡುಗ ಹುಡುಗಿಯರಿದ್ದಾರೆ. ಅವರು ಎಲ್ಲಿಗೆ ಹೋದರು ಅನ್ನೋದನ್ನು ನಾವೇ ಎಣಿಸಬಹುದು, ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇನ್ನೊಂದು ಕೆಲಸ ನಮ್ಮ ಇಂಥ ಪತ್ರಿಕೆಗಳದ್ದು. ಕವನ ಸಂಕಲನಕ್ಕೆ ಎಂಟು ಪುಟದ ವಿಮರ್ಶೆ ಬರೆಯುವ ನಾವು, ಕೋಟಿ ಜನ ನೋಡುವ ಸೀರಿಯಲ್ಲಿನ ಬಗ್ಗೆ ಒಂದು ಪುಟ ಬರೆಯೋದಿಲ್ಲ. ಅದು ಕೀಳು ಅಂತ ಯಾರು ಹೇಳಿಕೊಟ್ಟರು? ನಮ್ಮ ಅವ್ವಂದಿರು ನೋಡುವುದನ್ನು ಕೀಳು ಅನ್ನುವ ರುಚಿಯೂ ಅಗ್ರಹಾರದ್ದೇ. ಅವಳು ಏನು ನೋಡುತ್ತಾಳೆ, ಎಲ್ಲಿ ಬೈದುಕೊಳ್ಳುತ್ತಾಳೆ, ಯಾವ ಮಾತಿಗೆ ‘ಸುಳ್ಳು’ ಅಂತ ಎದ್ದು ಒಲೆಯ ಕಡೆ ಹೋಗುತ್ತಾಳೆ ಅನ್ನೋದರಲ್ಲಿ ನಮ್ಮ ಪುಸ್ತಕಗಳಲ್ಲಿಲ್ಲದ ಒಂದು ವಿಮರ್ಶೆ ಇದೆ. ಅದನ್ನು ಬರೆಯೋಣ. ಆಕಾಶ ಸಾರ್ವಜನಿಕರ ಆಸ್ತಿ ಅಂತ ಕೋರ್ಟು 1995ರಲ್ಲೇ ಹೇಳಿದೆ. ಊರ ಕೆರೆಯೂ ಸಾರ್ವಜನಿಕರದ್ದೇ ಅಂತ ಮಹಾಡಿನಲ್ಲಿ ಮೊದಲು ಕಾಗದದಲ್ಲೇ ಇತ್ತು. ಇಳಿದು ಕುಡಿದ ಮೇಲೆ ತಾನೆ ಅದು ನಮ್ಮದೂ ಆದದ್ದು?